2011ರ ಅಂಕಿ ಬಿಟ್ಟು ನಾವೇ ಊರು ಎಣಿಸಿದೆವು

ರಾಯಚೂರು, ಸಿಂಧನೂರು, ಗಂಗಾವತಿ, ಕೊಪ್ಪಳ ಲೈನ್‌ಗಳಲ್ಲಿ ಚಹಾಪುಡಿ, ಬಿಸ್ಕತ್ತು, ಖಾರಾ ಪ್ಯಾಕೆಟ್ ಹಂಚುವ ಏಜೆನ್ಸಿ ನಮ್ಮದು. ಊರಿನ ಜನಸಂಖ್ಯೆ ನೋಡಿ ಕಂಪನಿಯವರಿಂದ ಮಾರಾಟದ ಟಾರ್ಗೆಟ್ ಬರುತ್ತೆ. 2021ರ ಗಣತಿ ನಡೆಯಲೇ ಇಲ್ಲವಲ್ಲ, ಹಾಗಾಗಿ 2011ರ ಅಂಕಿಗೆ ಎಲ್ಲ ಊರಿಗೂ ಒಂದೇ ಶೇಕಡಾ ಸೇರಿಸಿ ಕಳಿಸ್ತಾರೆ. ಆದರೆ ಊರುಗಳು ಹಾಗೆ ಬೆಳೆಯಲ್ಲ. 2001ರಿಂದ 2011ಕ್ಕೆ ಬಳ್ಳಾರಿ 3.17 ಲಕ್ಷದಿಂದ 4.1 ಲಕ್ಷಕ್ಕೆ ಹೋಯಿತು, ರಾಯಚೂರು 2.07ರಿಂದ 2.34 ಲಕ್ಷಕ್ಕೆ ಮಾತ್ರ. ಜಿಲ್ಲಾ ಕೇಂದ್ರವೇ ದೊಡ್ಡದು ಅನ್ನೋದೂ ಸುಳ್ಳು. 2011ರಲ್ಲಿ ಕೊಪ್ಪಳ ಸುಮಾರು 70 ಸಾವಿರ, ಸಿಂಧನೂರು 75 ಸಾವಿರ, ಗಂಗಾವತಿ ಲಕ್ಷ ದಾಟಿತ್ತು.

ಕೊಪ್ಪಳದಲ್ಲಿ ಮಾಲು ಡೇಟ್ ಮುಗಿದು ವಾಪಸ್ ಬರ್ತಿತ್ತು, ಸಿಂಧನೂರಲ್ಲಿ ಸ್ಟಾಕ್ ಸಾಲ್ತಿರಲಿಲ್ಲ. ತಿಂಗಳಿಗೆ ಏನಿಲ್ಲ ಅಂದ್ರೂ 25-30 ಸಾವಿರ ಕೈಬಿಡ್ತಿತ್ತು. ನಾವೇ ಎಣಿಸೋಣ ಅಂದಾಗ ಪಾಲುದಾರ ಕಾಕಾ, "ಜನ ಎಣಿಸಾಕ ಸರಕಾರ ಐತಿ, ನಿನಗ್ಯಾಕಪ್ಪಾ ಈ ಉಸಾಬರಿ" ಅಂದರು. ಉಳಿದ ಏಜೆನ್ಸಿಯವರೂ ಅದನ್ನೇ ಅಂದರು.

ಮೊದಲು ಮತದಾರರ ಪಟ್ಟಿ ಹಿಡಿದೆ. ಕೆಲಸಕ್ಕೆ ಬರಲಿಲ್ಲ. ಮಕ್ಕಳ ಶಾಲೆಗೆ ಅಂತ ಸಿಂಧನೂರಲ್ಲಿ ಮನೆ ಮಾಡಿದವರ ವೋಟು ಹಳ್ಳಿಯಲ್ಲೇ ಇರುತ್ತೆ, ಬೆಂಗಳೂರಿಗೆ ಗುಳೆ ಹೋದವರ ಹೆಸರು ಇಲ್ಲೇ ಇರುತ್ತೆ. ಆಮೇಲೆ ಕರೆಂಟ್ ಮೀಟರ್. ಅದೂ ಕೈಕೊಟ್ಟಿತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಲೈನ್‌ಗಳಲ್ಲಿ ಒಂದೇ ಮನೆಗೆ ಎರಡು ಮೂರು ಮೀಟರ್ ಹಾಕಿಸಿಕೊಂಡವರು ಸಿಕ್ಕರು. ಮೀಟರ್ ಜಾಸ್ತಿ ಆಯಿತು, ಜನ ಅಷ್ಟೇ ಇದ್ದರು. ಉಪಗ್ರಹದ ರಾತ್ರಿ ಬೆಳಕಿನ ಚಿತ್ರವನ್ನೂ ಸುಮ್ನೆ ಕುತೂಹಲಕ್ಕೆ ನೋಡಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ ಝಗಝಗ ಅಂತಿದ್ದವು. ಅದರಲ್ಲಿ ಜನ ಎಷ್ಟು ಅಂತ ಹೇಗೆ ಗೊತ್ತಾಗಬೇಕು?

ಕೊನೆಗೆ ಕೈಹಿಡಿದದ್ದು ಛಾವಣಿ ಎಣಿಕೆ: ಉಪಗ್ರಹದ ಮ್ಯಾಪಿನಲ್ಲಿ ಮನೆಗಳ ಛಾವಣಿ ಎಣಿಸಿ, ಖಾಲಿ ಮನೆ ಕಳೆದು, ಮನೆಗೆ ಎಷ್ಟು ಜನ ಅನ್ನೋದರಿಂದ ಗುಣಿಸೋದು. ಮ್ಯಾಪಿನಲ್ಲಿ ನಗರಸಭೆ ಗಡಿ ಬಿಟ್ಟುಬಿಟ್ಟೆ. ಮನೆ ಎಲ್ಲಿವರೆಗೆ ಸಾಲಾಗಿ ಇದೆಯೋ ಅಲ್ಲಿವರೆಗೂ ಊರು, ಆಚೆ ಪಂಚಾಯಿತಿ ಜಾಗ ಆದರೂ ಸರಿ. ಈ ಗಡಿ ಸಣ್ಣ ವಿಷಯ ಅಲ್ಲ. 2011ರಲ್ಲಿ ಕೋಲ್ಕತ್ತಾ ಪಾಲಿಕೆ ಒಳಗೆ 45 ಲಕ್ಷ, ಸುತ್ತಲಿನದೆಲ್ಲ ಸೇರಿಸಿದರೆ 1.41 ಕೋಟಿ! ರೈಸ್ ಮಿಲ್, ಗೋದಾಮು ತೆಗೆದುಹಾಕಿದೆ. ಸಿಂಧನೂರು, ಗಂಗಾವತಿಯಲ್ಲಿ ಅದನ್ನು ಮಾಡದಿದ್ದರೆ ಲೆಕ್ಕ ಪೂರ್ತಿ ಕೆಡುತ್ತೆ.

ಬೀಗ ಹಾಕಿದ ಮನೆ ಎಷ್ಟು ಅಂತ ತಿಳಿಯೋದೇ ದೊಡ್ಡ ತಲೆನೋವು. ಹಗಲು ಹೋದರೆ ಕೆಲಸಕ್ಕೆ ಹೋದವರ ಮನೆಗೂ ಬೀಗ, ಖಾಲಿ ಮನೆಗೂ ಬೀಗ. ಅದಕ್ಕೆ ಕೆಲವು ಓಣಿ ಆರಿಸಿ, ನಳ ಬರುವ ದಿನ ಹುಡುಗರನ್ನು ಕಳಿಸಿದೆ. ನಮ್ಮ ಕಡೆ ನೀರು ದಿನಾ ಬರಲ್ಲ, ಬಂದ ದಿನ ಮನೆಯಲ್ಲಿ ಯಾರಾದರೂ ಇದ್ದೇ ಇರ್ತಾರೆ, ಕೊಡ, ಡ್ರಮ್ ಬಾಗಿಲ ಹೊರಗೇ ಕಾಣುತ್ತೆ. ಸ್ವಂತ ಬೋರ್ ಇದ್ದ ಮನೆಗಳನ್ನು ಬೇರೆ ಬರೆದುಕೊಂಡೆವು. ಹಳೇ ಊರಲ್ಲಿ ಮನೆಗೆ ಐದರ ಮೇಲೆ ಜನ ಸಿಕ್ಕರು, ಹೊಸ ಲೇಔಟ್‌ಗಳಲ್ಲಿ ನಾಲ್ಕಕ್ಕೂ ಕಡಿಮೆ. ಯಾವ ಓಣಿ ಆರಿಸಬೇಕು ಅನ್ನೋದರಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಬರೆಯಲ್ಲ. ಅದನ್ನು ಕಲಿಯೋಕೆ ನಂಗೆ ಚಪ್ಪಲಿ ಸವೆದಿದೆ.

ಹುಡುಗರ ಕೂಲಿ ದಿನಕ್ಕೆ 600, ಪೆಟ್ರೋಲು, ಊಟ ಎಲ್ಲ ಸೇರಿ 40 ಸಾವಿರದ ಹತ್ತಿರ ಖರ್ಚಾಯಿತು. ಕೊಪ್ಪಳದಿಂದ ಒಂದು ವ್ಯಾನ್ ತೆಗೆದು ಸಿಂಧನೂರಿಗೆ ಹಾಕಿದೆ. ಎರಡು ಮೂರು ತಿಂಗಳಲ್ಲಿ ವಾಪಸ್ ಬರೋ ಮಾಲು ಅರ್ಧಕ್ಕಿಂತ ಕೆಳಗಿಳಿಯಿತು, ಹಾಕಿದ ದುಡ್ಡು ಬಂತು. ಈಗ ಕಾಕಾನೇ ಮಾನ್ವಿ, ಸಿರುಗುಪ್ಪ ಯಾವಾಗ ಎಣಿಸ್ತೀಯ ಅಂತ ಕೇಳ್ತಾರೆ. ಗುಳೆ ಹೋದವರು ಊರಿಗೆ ಬಂದ ಮೇಲೆ ಒಮ್ಮೆ, ಹೋದ ಮೇಲೆ ಒಮ್ಮೆ ಎಣಿಸಬೇಕು ಅಂತಿದ್ದೀನಿ.

ನನ್ನ ಲೆಕ್ಕಕ್ಕೆ ಸಿಂಧನೂರು ಈಗ ಲಕ್ಷದ ಆಸುಪಾಸು, ಹೊರಗಿನ ಲೇಔಟ್ ಸೇರಿ. 2027ರ ಗಣತಿ ಅಂಕಿ ಬಂದಾಗ ಅದೇ ಗಡಿ ಹಿಡಿದು ತಾಳೆ ನೋಡಿ. ನೂರಕ್ಕೆ ಐದಾರಕ್ಕಿಂತ ಜಾಸ್ತಿ ಆಚೀಚೆ ಆಗಲ್ಲ.