ಕಾಸರಕೋಡಿನ ಕಾಂಡ್ಲಾವನಕ್ಕೆ ಇಳಿತ ನೋಡಿ ಹೊರಡಿ

ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿರುವ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡಿನ) ಕಾಲುದಾರಿಗೆ ಮಕ್ಕಳನ್ನು ಕರೆದೊಯ್ಯುವವರು ದಿನವನ್ನು ರಜೆ ನೋಡಿ ಗೊತ್ತುಮಾಡಿದರೂ, ಹೊತ್ತನ್ನು ಮಾತ್ರ ಸಮುದ್ರದ ಇಳಿತ ನೋಡಿಯೇ ನಿರ್ಧರಿಸುವುದು ಒಳ್ಳೆಯದು. ಉಬ್ಬರದಲ್ಲಿ ಶರಾವತಿ ಅಳಿವೆಯ ನೀರು ಏರಿ ಬೇರುಗಳೆಲ್ಲ ಮುಳುಗಿರುತ್ತವೆ. ಮೊದಲ ಸಲ ನಾವು ಹಾಗೆಯೇ ಹೋಗಿ ಬರೀ ಎಲೆಗಳನ್ನು ನೋಡಿಕೊಂಡು ಬಂದಿದ್ದೆವು. ಇಳಿತದಲ್ಲಾದರೆ ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಒಂದೇ ದೊಡ್ಡ ಕೊಂಬನ್ನು (ಇಕ್ಕಳದಂಥ ಮುಂಗಾಲನ್ನು) ಎತ್ತಿ ಆಡಿಸುತ್ತ ನಿಲ್ಲುವ ಗಂಡು ಏಡಿಗಳು ಕಾಣಸಿಗುತ್ತವೆ. ಗದ್ದಲ ಮಾಡಿದರೆ ಅವು ತಟ್ಟನೆ ಬಿಲ ಸೇರುತ್ತವೆ. ಐದು ನಿಮಿಷ ಅಲುಗಾಡದೆ ನಿಂತರೆ ಮತ್ತೆ ಹೊರಬರುತ್ತವೆ.

ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಲೆಕ್ಕ ಈ ವಾರಕ್ಕೆ ಬಾರದು. ತಿಥಿಯ ಮೇಲೆಯೇ ಹೇಳಬಲ್ಲ ಮೀನುಗಾರರನ್ನು ಕೇಳಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಇಳಿಯುತ್ತದೆ.

ಇಳಿತ ಮಧ್ಯಾಹ್ನದ ಮೇಲಿದ್ದರೆ ಬೆಳಿಗ್ಗೆ ಕುಮಟಾದಿಂದ ಸುಮಾರು 11 ಕಿ.ಮೀ. ದೂರದ ಮಿರ್ಜಾನ್ ಕೋಟೆಯನ್ನು ನೋಡಿಕೊಳ್ಳಬಹುದು. ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದ, ಈ ಕೋಟೆಯನ್ನೂ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆಯನ್ನು ದಾರಿಯಲ್ಲೇ ಹೇಳಿಬಿಟ್ಟರೆ ಮಕ್ಕಳಿಗೆ ಕೆಂಪು ಚಿರೆಕಲ್ಲಿನ ಗೋಡೆಗಳೂ ಮಾತಾಡಿದಂತಾಗುತ್ತದೆ. ಮಳೆಗಾಲದಲ್ಲಿ ಅಲ್ಲಿನ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಒಳಗೆ ಆಳವಾದ ಬಾವಿಗಳೂ ಇವೆ. ಆದ್ದರಿಂದ ಚಿಕ್ಕವರ ಕೈ ಬಿಡಬೇಡಿ.