ಸೋಡಿಯಂ ಇಳಿದಿದೆಯೇ? ಉಪ್ಪಿನ ಡಬ್ಬಿ ಮುಚ್ಚಿಡಿ, ನೀರು ಅಳೆಯಿರಿ

ಹೃದಯ ವೈಫಲ್ಯವಿರುವ ಹಿರಿಯರ ರಕ್ತದ ವರದಿಯಲ್ಲಿ ಸೋಡಿಯಂ 128 ಎಂದು ಕಂಡೊಡನೆ ಮನೆಯವರು ಗಂಜಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಈ ಪ್ರಮಾಣ ಸಾಮಾನ್ಯವಾಗಿ 135ರಿಂದ 145ರ ನಡುವೆ ಇರಬೇಕು, ನಿಜ. ಆದರೆ ಸೋತ ಹೃದಯ ರಕ್ತವನ್ನು ಸಾಕಷ್ಟು ತಳ್ಳದಿದ್ದಾಗ, ಮೈಯಲ್ಲಿ ನೀರೇ ಕಡಿಮೆಯಾಗಿದೆ ಎಂಬಂತೆ ವ್ಯಾಸೊಪ್ರೆಸಿನ್ ಹಾರ್ಮೋನು ಏರುತ್ತದೆ. ಮೂತ್ರಪಿಂಡ ನೀರನ್ನು ಬಿಡುವುದಿಲ್ಲ, ಬಾಯಾರಿಕೆಯೂ ಹೆಚ್ಚುತ್ತದೆ. ನೀರು ಸುರಿದ ಸಾರಿನಂತೆ ರಕ್ತ ತೆಳುವಾಗುತ್ತದೆ. ಉಪ್ಪು ಒಳಗೆ ಹೆಚ್ಚೇ ಇದೆ. ನೀರು ಅದಕ್ಕೂ ಹೆಚ್ಚು. ಮತ್ತೆ ಉಪ್ಪು ತಿನ್ನಿಸಿದರೆ ಕಾಲು ಊದಿ ಉಸಿರು ಕಟ್ಟುತ್ತದೆ.

ಮೊದಲ ಕೆಲಸ ತೂಕ. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ಕಾಫಿಗೆ ಮುಂಚೆ, ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು ದಿನವೂ ನೋಡಿ, ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದ ಸ್ವೆಟರ್, ಶಾಲು ತೆಗೆದಿಡಿ. ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು. ವೈದ್ಯರಿಗೆ ಅಂದೇ ಫೋನ್ ಮಾಡಿ. ಸೋಡಿಯಂ ಇಳಿದು ತೂಕವೂ ಇಳಿಯುತ್ತಿದ್ದರೆ, ವಾಂತಿಭೇದಿಯೋ ಮೂತ್ರದ ಮಾತ್ರೆ ಹೆಚ್ಚಾದದ್ದೋ ಕಾರಣವಿರಬಹುದು. ಅದರ ಚಿಕಿತ್ಸೆ ಪೂರ್ತಿ ಬೇರೆ. ಅದಕ್ಕೇ ತೂಕದ ಪುಸ್ತಕ ತಂದವರ ಕಾಯಿಲೆ ವೈದ್ಯರಿಗೆ ಬೇಗ ಅರ್ಥವಾಗುತ್ತದೆ.

ಮುಂದಿನದು ನೀರು, ಎಲ್ಲರೂ ಎಡವುವುದು ಇಲ್ಲೇ. ಸೋಡಿಯಂ ಇಳಿದಾಗ ಸಾಮಾನ್ಯವಾಗಿ ದಿನಕ್ಕೆ 1ರಿಂದ 1.5 ಲೀಟರ್ ಮಿತಿ ಹಾಕುತ್ತಾರೆ. ನಿಮ್ಮ ಮಿತಿಯನ್ನು ವೈದ್ಯರೇ ಹೇಳಬೇಕು. ಬೆಳಿಗ್ಗೆ ಅಷ್ಟೇ ನೀರನ್ನು ಬಾಟಲಿಗಳಲ್ಲಿ ತುಂಬಿಡಿ. ಕುಡಿಯುವ ನೀರು ಅದರಿಂದಲೇ. ಬೆಲ್ಲದ ಕಾಫಿ 150 ಮಿಲಿ ಕುಡಿದರೆ ಬಾಟಲಿಯಿಂದ 150 ಮಿಲಿ ಚೆಲ್ಲಿ. ಗಂಜಿ ತಿಳಿ, ಸಾರು, ಮಜ್ಜಿಗೆ, ಪಾಯಸ, ಮಾತ್ರೆ ನುಂಗುವ ನೀರು ಎಲ್ಲವೂ ಲೆಕ್ಕಕ್ಕೆ ಬರಬೇಕು. ಮನೆಯ ಲೋಟ ಎಷ್ಟು ಹಿಡಿಯುತ್ತದೆ ಎಂದು ಅರ್ಧ ಲೀಟರ್ ಬಾಟಲಿಯಿಂದ ಸುರಿದು ಒಮ್ಮೆ ಅಳೆದುಕೊಳ್ಳಿ. ಕೆಲವು ಸ್ಟೀಲ್ ಲೋಟಗಳು 250 ಮಿಲಿ ನುಂಗುತ್ತವೆ. ಕೊಡಗಿನ ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಗಾಲ) ಚಳಿಯಲ್ಲಿ ಬೆವರೂ ಇಲ್ಲ, ಬಿಸಿಬಿಸಿ ಕಾಫಿಗೆ ಕೊನೆಯೂ ಇಲ್ಲ. ಆ ದಿನಗಳಲ್ಲಿ ಇನ್ನಷ್ಟು ಬಿಗಿಯಾಗಿರಿ. ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳಲಿ, ಒಂದು ಏಲಕ್ಕಿ ಅಗಿಯಲಿ.

ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ದಾಟದಿರಲಿ. ಒಣಮೀನು, ಹಂದಿಮಾಂಸದ ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಕಣಿಲೆ (ಎಳೆ ಬಿದಿರು) ಬಾಯಾರಿಕೆಯನ್ನೂ ಹೆಚ್ಚಿಸುತ್ತವೆ. 'ಕಡಿಮೆ ಸೋಡಿಯಂ ಉಪ್ಪು' ಬೇಡವೇ ಬೇಡ: ಅದರಲ್ಲಿ ಪೊಟ್ಯಾಷಿಯಂ ಇದೆ, ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯ ಜೊತೆ ಅದು ಹೃದಯದ ಬಡಿತವನ್ನೇ ತಪ್ಪಿಸಬಹುದು.

ಮಾತ್ರೆಗಳ ಚೀಟಿ ತೆಗೆದು ನೋಡಿ. ಮೂತ್ರದ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಲಿಡೋನ್, ಮೆಟೊಲಜೋನ್ ಸೋಡಿಯಂ ಇಳಿಸುವುದರಲ್ಲಿ ಫ್ಯೂರೋಸೆಮೈಡ್‌ಗಿಂತ ಮುಂದೆ. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಂ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಕೂಡ ಹಾಗೆಯೇ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ತೋರಿಸಿ ಕೇಳಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರ ಕೊಡಲೇಬೇಡಿ. ನೀರು ಇನ್ನಷ್ಟು ನಿಲ್ಲುತ್ತದೆ. ಪರೀಕ್ಷೆಗೆ ರಕ್ತ ಕೊಡುವಾಗ ಪೊಟ್ಯಾಷಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ತೀರಾ ಏರಿದ್ದರೂ ಸೋಡಿಯಂ ಕಡಿಮೆಯಾಗಿ ಕಾಣುತ್ತದೆ.

ತಲೆನೋವು, ವಾಕರಿಕೆ, ನಡೆಯುವಾಗ ತೂರಾಡುವುದು ಶುರುವಾದರೆ ಅಂದೇ ಹೊರಡಿ. ಮಾತು ಗೊಂದಲವಾಗುವುದು, ಎಬ್ಬಿಸಿದರೂ ಮಂಪರು, ಫಿಟ್ಸ್ ಕಂಡರೆ 108ಕ್ಕೆ ಕರೆ ಮಾಡಿ. ಒಂದೇ ದಿನದಲ್ಲಿ ಸಂಖ್ಯೆ ಸರಿಯಾಗಲಿಲ್ಲವೆಂದು ಆಸ್ಪತ್ರೆಯಲ್ಲಿ ಒತ್ತಾಯಿಸಬೇಡಿ: 24 ಗಂಟೆಯಲ್ಲಿ ಸೋಡಿಯಂ 8–10 ಅಂಕಕ್ಕಿಂತ ಹೆಚ್ಚು ಏರಿಸಿದರೆ ಮೆದುಳಿಗೇ ಪೆಟ್ಟು. ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ಮಳೆಗಾಲದಲ್ಲಿ ಹೊಳೆ ಉಕ್ಕಿ ದಾರಿ ಮುಚ್ಚುವ ವಾರಗಳಿರುತ್ತವೆ. ಅಲ್ಲಿನವರು ಜೂನ್‌ಗೆ ಮುಂಚೆಯೇ ರಕ್ತ ಪರೀಕ್ಷೆ ಮುಗಿಸಿ, ಒಂದು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ತೂಕ ಏರಿದರೆ ಯಾವ ಮಾತ್ರೆ ಎಷ್ಟು ಹೆಚ್ಚಿಸಬೇಕೆಂದು ವೈದ್ಯರಿಂದ ಕನ್ನಡದಲ್ಲೇ ಬರೆಸಿಕೊಳ್ಳಿ.