ಹೇಳಿಯೇ ಹೆದರಿಸಿದೆ: ಹ್ಯಾಲೊವೀನ್ ಬೆರ್ಚಪ್ಪನಾದ ನನ್ನ ಅನುಭವ

ಹ್ಯಾಲೊವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ, ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಅಮೆರಿಕದ ಹಬ್ಬ. ಹೋದ ಹ್ಯಾಲೊವೀನ್ ರಾತ್ರಿ ನಮ್ಮ ಮನೆಗೆ ಸುಮಾರು 140 ಮಕ್ಕಳು ಬಂದರು. ಯಾರೂ ಬೀಳಲಿಲ್ಲ, ಒಬ್ಬರೂ ಅಳಲಿಲ್ಲ. ಕಿರುಚಾಟ ಮಾತ್ರ ಬೀದಿಯ ಆ ತುದಿಗೆ ಕೇಳಿಸಿತಂತೆ. "ಹೆದರಿಸ್ತೀನಿ ಅಂತ ಮೊದಲೇ ಹೇಳಿಬಿಟ್ಟರೆ ಯಾರು ಹೆದರ್ತಾರೆ ಗುರು?" ಎಂದು ವರ್ಷಾನುಗಟ್ಟಲೆ ನನ್ನ ತಲೆ ತಿಂದ ಗೆಳೆಯನೇ ಬೆಚ್ಚಿಬಿದ್ದು ಮಗಳ ಕ್ಯಾಂಡಿ ಚೀಲವನ್ನು ಕೈಬಿಟ್ಟ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮನೆ ಮುಂದೆ ದೆವ್ವ ಕಟ್ಟುವ ಹುಚ್ಚು ನನಗೆ 2017ರಲ್ಲಿ ಹಿಡಿಯಿತು. ನಿಮಗೂ ಈ ಹುಚ್ಚಿದ್ದರೆ ಮಂಜಿನಂಥ ಹೊಗೆ ಬಿಡುವ ಫಾಗ್ ಮೆಷಿನ್, ಪಿವಿಸಿ ಪೈಪು, ಕೋಳಿ ಜಾಲರಿ ಎಲ್ಲ ಗೊತ್ತೇ ಇರುತ್ತದೆ. ನೇರವಾಗಿ ನನ್ನ ಸೋಲುಗಳಿಗೆ ಬರುತ್ತೇನೆ.

ಮೊದಲ ವರ್ಷ ಫಾಗ್ ಮೆಷಿನ್ ತಂದೆ. ಅರವತ್ತೋ ಎಪ್ಪತ್ತೋ ಡಾಲರ್. ಪೋರ್ಚ್‌ನಲ್ಲಿಟ್ಟೆ, ಬಾಗಿಲು ತೆರೆದೇ ಇತ್ತು. ಹತ್ತೇ ನಿಮಿಷಕ್ಕೆ ಒಳಗೆ ಸ್ಮೋಕ್ ಅಲಾರಂ ಬಾರಿಸತೊಡಗಿತು. ಮಲಗಿದ್ದ ಮಾವ ಸ್ವೆಟರ್ ಕೂಡ ಹಾಕದೆ ಹೊರಗೆ ಓಡಿ ಬಂದರು. ಮೆಷಿನ್ನನ್ನು ಅಂಗಳಕ್ಕೆ ಸಾಗಿಸಿದರೆ ಹೊಗೆಯನ್ನೆಲ್ಲ ಗಾಳಿ ಎತ್ತಿಕೊಂಡು ಹೋಯಿತು. ಆಮೇಲೆ ಐಸ್ ಬಾಕ್ಸ್‌ಗೆ ಎರಡು ತೂತು ಕೊರೆದು, ಐಸ್ ತುಂಬಿ, ಅದರೊಳಗಿಂದ ಹೊಗೆ ಹಾಯಿಸಿದೆ. ತಣ್ಣಗಾದ ಹೊಗೆ ನೆಲ ಹಿಡಿದು ಹರಿಯಿತು. ಬಹಳ ಚೆನ್ನಾಗಿತ್ತು. ಆದರೆ ಮೆಷಿನ್ ಬಾಯಿಂದ ತೊಟ್ಟಿಕ್ಕಿದ ಎಣ್ಣೆಯಂಥ ದ್ರವ ಮೆಟ್ಟಿಲ ಮೇಲೆ ಪಸೆ ಕಟ್ಟಿತು, ಅದರ ಮೇಲೆ ನಾನೇ ಜಾರಿದೆ. ಆವತ್ತಿನಿಂದ ಮಕ್ಕಳು ನಡೆಯುವ ಜಾಗದಲ್ಲಿ ಫಾಗ್ ಇಲ್ಲ. ಪೊದೆಯ ಹಿಂದೆ ಮಾತ್ರ.

ಮರುವರ್ಷ ನೆಗೆದು ಏಳುವ ಹೆಣದ ಗೊಂಬೆ ತಂದೆ. ಮೋಷನ್ ಸೆನ್ಸರ್ ಇದ್ದದ್ದು, ಹತ್ತಿರ ಹತ್ತಿರ 180 ಡಾಲರ್. ಅದು ಬೆಕ್ಕಿಗೂ ನೆಗೆಯಿತು, ಎಲೆಗೂ ನೆಗೆಯಿತು. ಮಕ್ಕಳು ಬಂದಾಗ ಸುಮ್ನೆ ಬಿದ್ದುಕೊಂಡಿತು. ಕೊನೆಗೊಮ್ಮೆ ಸರಿಯಾಗಿ ಎದ್ದಿತು. ಎದುರಿಗಿದ್ದ ಏಳೆಂಟು ವರ್ಷದ ಹುಡುಗಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ಮೂರು ಮೆಟ್ಟಿಲು ಉರುಳಿದಳು. ಮೊಣಕಾಲು ತರಚಿತು, ಅಂಗೈಯಲ್ಲಿ ಮರಳು ಹೊಕ್ಕಿತು. ಅವಳ ತಾಯಿ ಬೈಯಲೂ ಇಲ್ಲ. ಟಾರ್ಚ್ ಬೆಳಕಿನಲ್ಲಿ ಮಗಳ ಅಂಗೈಯಿಂದ ಒಂದೊಂದೇ ಕಣ ತೆಗೆಯುತ್ತಾ ಕೂತರು. ನಾನು ನೀರು, ಬ್ಯಾಂಡೇಜ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆ ಹೆಣವನ್ನು ಮಾರನೇ ದಿನವೇ ಅಟ್ಟಕ್ಕೆ ಹಾಕಿದೆ.

2019ರಲ್ಲಿ ಸ್ಟ್ರೋಬ್ ಲೈಟ್ ಹಾಕಿದ್ದೆ. ಒಬ್ಬ ತಾಯಿ ದೂರದಲ್ಲೇ ನಿಂತು, ಮಗನಿಗೆ ಮೂರ್ಛೆ ರೋಗವಿದೆ, ಮಿನುಗುವ ಬೆಳಕು ಆಗುವುದಿಲ್ಲ ಎಂದರು. ಓಡಿ ಹೋಗಿ ಪ್ಲಗ್ ಕಿತ್ತೆ. ನನಗೆ ಹೇಳದೆ ವಾಪಸ್ ಹೋದವರು ಎಷ್ಟು ಜನವೋ! ಈಗ ನನ್ನಲ್ಲಿ ಮಂಕಾದ, ಅಲುಗಾಡದ ಬೆಳಕೇ. ಭಯಕ್ಕೆ ಅದೇ ಜಾಸ್ತಿ ಒಳ್ಳೆಯದು.

ದಾರಿ ಕಂಡದ್ದು 2020ರಲ್ಲಿ. ಕೋವಿಡ್ ಕಾಲ. ಕ್ಯಾಂಡಿ ಮೇಜನ್ನು ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜಿಗೆ ಬರುವ ಕಾರಿನ ದಾರಿ) ತುದಿಗಿಟ್ಟು, ನಾನು ದೂರದಲ್ಲಿ ಕುರ್ಚಿ ಹಾಕಿ, ಕಂಬಳಿ ಹೊದ್ದು, ಟೋಪಿ, ಮಾಸ್ಕ್ ಹಾಕಿ ಕೂತಿದ್ದೆ. ಚಳಿಗೆ ಮೈ ಅಲುಗಿಸಿರಲಿಲ್ಲ. ಇಬ್ಬರು ಹುಡುಗರು ಬಂದು, "ಅದು ಗೊಂಬೆ ಕಣೋ", "ಅಲ್ಲ, ಮನುಷ್ಯ" ಎಂದು ಇಂಗ್ಲಿಷಿನಲ್ಲಿ ವಾದಕ್ಕೆ ಬಿದ್ದರು. ನಾನು ತಲೆಯೊಂದನ್ನೇ ನಿಧಾನವಾಗಿ ಅವರ ಕಡೆ ತಿರುಗಿಸಿದೆ. ಆ ಕಿರುಚಾಟ 180 ಡಾಲರಿನ ಹೆಣಕ್ಕೆ ಒಂದು ದಿನವೂ ಸಿಕ್ಕಿರಲಿಲ್ಲ!

ಅಲ್ಲಿಂದ ಬೆರ್ಚಪ್ಪ ಶುರುವಾದ. ನಮ್ಮೂರ ಗದ್ದೆಯಲ್ಲಿ ನಿಲ್ಲಿಸುವ ಬೆರ್ಚಪ್ಪನೇ. ಮುಖಕ್ಕೆ ಬಾಸ್ಮತಿ ಅಕ್ಕಿಯ ಗೋಣಿಚೀಲ. ನೇಯ್ಗೆಯ ಸಂದಿಯಲ್ಲಿ ಹೊರಗಿನದೆಲ್ಲ ನನಗೆ ಕಾಣುತ್ತದೆ, ಒಳಗಿನ ಕಣ್ಣು ಯಾರಿಗೂ ಕಾಣುವುದಿಲ್ಲ. ಎರಡು ಸಲ ಒಗೆದು, ಒಳಗೆ ಹಳೇ ಪಂಚೆಯ ತುಂಡು ಹೊಲಿಯಿರಿ. ಇಲ್ಲದಿದ್ದರೆ ಅರ್ಧ ಗಂಟೆಗೆ ಕೆನ್ನೆಯೆಲ್ಲ ನವೆ. ಅಂಗಿ, ಟೋಪಿ ಹಳೇ ಬಟ್ಟೆಯ ಅಂಗಡಿಯದು, ಎರಡೂ ಸೇರಿ 15 ಡಾಲರ್ ಒಳಗೆ. ಕೈಗವಸಿಗೆ ಹುಲ್ಲು ತುಂಬಿ ತೋಳಿನ ತುದಿಗೆ ಹೊಲಿದಿದ್ದೇನೆ. ನನ್ನ ನಿಜವಾದ ಕೈ ಕಂಬಳಿಯ ಕೆಳಗಿರುತ್ತದೆ.

ಅಕ್ಟೋಬರ್ ಮೊದಲ ವಾರದಿಂದಲೇ ಇದೇ ವೇಷದ ಹುಲ್ಲಿನ ಗೊಂಬೆ ಅದೇ ಕುರ್ಚಿಯಲ್ಲಿ ಕೂತಿರಬೇಕು. ಸ್ಕೂಲ್ ಬಸ್ಸಿಗೆ ಹೋಗುವ ಮಕ್ಕಳು ದಿನಾ ನೋಡಿ ನೋಡಿ ಅಸಡ್ಡೆ ಮಾಡುವಷ್ಟು. 31ರ ಸಂಜೆ ಗೊಂಬೆ ಒಳಗೆ, ನಾನು ಹೊರಗೆ. ಆ ಚಳಿಯಲ್ಲಿ ಉಸಿರಿನ ಹಬೆ ಕಂಡರೆ ಆಟ ಮುಗಿಯಿತು. ಹಬೆ ಕಾಣದಂತೆ ನಾನು ಏನು ಮಾಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಈಗ ಮುಖ್ಯ ವಿಷಯ. ಡ್ರೈವ್‌ವೇ ಬಾಯಲ್ಲಿ ದಾರಿ ಎರಡಾಗುತ್ತದೆ. ಹಸಿರು ದೀಪದ ದಾರಿಯಲ್ಲಿ ಹೆದರಿಸುವುದು ಏನೂ ಇಲ್ಲ. ಕೆಂಪು ದೀಪದ ದಾರಿ ಬೇಲಿ ಪಕ್ಕದಲ್ಲಿ, ಬೆರ್ಚಪ್ಪನ ಮುಂದೆ ಹಾಯುತ್ತದೆ. ಎರಡೂ ಸೇರುವುದು ಗ್ಯಾರೇಜಿನಲ್ಲಿ. ಅಲ್ಲಿ ನನ್ನ ಹೆಂಡತಿ ಕ್ಯಾಂಡಿ ಇಟ್ಟುಕೊಂಡು ಕೂತಿರುತ್ತಾಳೆ. ಎರಡೂ ದಾರಿಗೆ ಒಂದೇ ಕ್ಯಾಂಡಿ, ಒಂದೇ ಅಳತೆ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದೆ: ಕೆಂಪು ಕಡೆ ಒಬ್ಬ ಹೆದರಿಸುತ್ತಾನೆ, ಮುಟ್ಟುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ.

ಗೆಳೆಯ ಒಪ್ಪದೇ ಇದ್ದದ್ದು ಈ ಬೋರ್ಡನ್ನೇ. ನಾನು ಕಂಡದ್ದು ಉಲ್ಟಾ. ಏನೂ ಗೊತ್ತಿಲ್ಲದವರು ಮಾತಾಡಿಕೊಂಡು ಬಂದು ಮಾತಾಡಿಕೊಂಡೇ ಹೋಗುತ್ತಾರೆ. ಗೊತ್ತಿದ್ದವರು ಬೋರ್ಡಿನ ಹತ್ತಿರವೇ ದನಿ ತಗ್ಗಿಸುತ್ತಾರೆ. ಒಬ್ಬರ ತೋಳು ಒಬ್ಬರು ಹಿಡಿಯುತ್ತಾರೆ. ಬೇಲಿಯನ್ನು ನೋಡುತ್ತಾರೆ, ಗ್ಯಾರೇಜನ್ನು ನೋಡುತ್ತಾರೆ, ಕುರ್ಚಿಯ ಗೊಂಬೆ ಮಾತ್ರ ಅವರ ಲೆಕ್ಕಕ್ಕೇ ಇಲ್ಲ. ಅದನ್ನು ತಿಂಗಳಿಂದ ನೋಡಿದ್ದಾರಲ್ಲ! ಅಷ್ಟು ಹೊತ್ತಿಗೆ ಅರ್ಧ ಕೆಲಸ ಅವರೇ ಮುಗಿಸಿರುತ್ತಾರೆ. ನನಗೆ ತಲೆ ತಿರುಗಿಸುವುದಷ್ಟೇ ಬಾಕಿ.

ತಿರುಗಿಸುವ ಹೊತ್ತೂ ಮುಖ್ಯ. ಅವರು ನನ್ನನ್ನು ದಾಟಿ ಒಂದು ಹೆಜ್ಜೆ ಹೋಗಿರಬೇಕು. ಆಗ ಅವರು ಮುಂದಕ್ಕೆ, ಬೆಳಕಿರುವ ಗ್ಯಾರೇಜಿನ ಕಡೆಗೇ ಓಡುತ್ತಾರೆ. ಎದುರಿನಿಂದ ಹೆದರಿಸಿದರೆ ಹಿಂದಕ್ಕೆ, ಅಂದರೆ ರಸ್ತೆಗೆ ಓಡುತ್ತಾರೆ. ರಸ್ತೆ ಕಡೆ ಹುಲ್ಲಿನ ಪೆಂಡಿಗಳನ್ನು ಅಡ್ಡ ಇಟ್ಟಿದ್ದೇನೆ. ದಾರಿಯಲ್ಲಿ ಮೆಟ್ಟಿಲಿಲ್ಲ, ವೈರಿಲ್ಲ, ನೀರಿನ ಪೈಪಿಲ್ಲ. ಸಂಜೆ ನಾಲ್ಕಕ್ಕೆ ಎಲೆಯೆಲ್ಲ ಗುಡಿಸಿ, ನಾನೇ ಮುಖವಾಡ ಹಾಕಿಕೊಂಡು ಆ ದಾರಿಯಲ್ಲಿ ಓಡಿ ನೋಡುತ್ತೇನೆ. ಮಕ್ಕಳ ಮುಖವಾಡದಲ್ಲಿ ಕಾಲಬುಡ ಕಾಣುವುದೇ ಇಲ್ಲ.

ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮೊದಲು. ಪುಟ್ಟ ಮಕ್ಕಳು ಬರುವುದೂ ಆಗಲೇ. ಆರೂ ಮುಕ್ಕಾಲಿನವರೆಗೆ ಕೆಂಪು ದೀಪ ಹಚ್ಚುವುದೇ ಇಲ್ಲ. ನಾನು ಗೋಣಿ ಮುಖ ತೆಗೆದು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ, ಮುಟ್ಟಿ ನೋಡಲು ಕೊಡುತ್ತೇನೆ. ಆಮೇಲೂ ಯಾರಾದರೂ ಕೆಂಪು ದಾರಿಯಲ್ಲಿ ಅರ್ಧಕ್ಕೇ ನಿಂತು ಅಮ್ಮನ ಕೈ ಹಿಡಿದರೆ ಟೋಪಿ ಎತ್ತಿ "ಹಲೋ" ಅನ್ನುತ್ತೇನೆ.

ಗ್ಯಾರೇಜಿನಲ್ಲಿ ಟೀಲ್, ಅಂದರೆ ಹಸಿರು ಮಿಶ್ರಿತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಇಡುತ್ತೇವೆ. 2014ರಿಂದ ಈ ರೂಢಿ ಅಮೆರಿಕದ ಉದ್ದಗಲಕ್ಕೂ ಹಬ್ಬಿದೆ. ತಿನ್ನುವಂಥದ್ದಲ್ಲದ ಉಡುಗೊರೆಯೂ ಇಲ್ಲಿದೆ ಎಂದು ಅದರ ಅರ್ಥ. ಕಡಲೆಕಾಯಿ ಅಲರ್ಜಿ ಇರುವ ಮಗು ನಮ್ಮ ಬೀದಿಯಲ್ಲೇ ಇದೆ. ನಾನು ಕೊಡುವುದು ಹೊಳೆಯುವ ಕೈಬಳೆ. ಅದು ಕೈಯಲ್ಲಿದ್ದರೆ ಕತ್ತಲಲ್ಲಿ ಕಾರಿನವರಿಗೂ ಮಗು ಕಾಣುತ್ತದೆ.

ಇದರ ನಡುವೆ ಒಂದು ಪ್ರಯೋಗ. ಚಿಕ್ಕಂದಿನಲ್ಲಿ ಬೆಂಗಳೂರಿನ ನಮ್ಮ ವಠಾರದ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿತ್ತು. ರಾತ್ರಿ ಬರುವ ದೆವ್ವ ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಓದಿಕೊಂಡು ವಾಪಸ್ ಹೋಗುತ್ತದೆ ಅಂತ. ಅದನ್ನು ನಂಬಿ, ಅಪ್ಪನಿಗೆ ಸೀಮೆಸುಣ್ಣ ತಂದುಕೊಟ್ಟವನೇ ನಾನು. ಇಲ್ಲಿಯೂ ಗ್ಯಾರೇಜ್ ಪಕ್ಕದ ಬಾಗಿಲಿಗೆ ಬರೆದೆ. ತಂದೆತಾಯಿಯರನ್ನು ಕೇಳಿ ಮಕ್ಕಳ ಹೆಸರು ತಿಳಿದುಕೊಂಡು, ಪೊದೆಯೊಳಗಿನ ಸ್ಪೀಕರಿನಿಂದ ಮೆಲ್ಲಗೆ ಹೆಸರು ಕರೆಸಿದೆ. ಒಬ್ಬ ಹುಡುಗ ಕಿರುಚಲೂ ಇಲ್ಲ, ಓಡಲೂ ಇಲ್ಲ. ಕಲ್ಲಿನಂತೆ ನಿಂತುಬಿಟ್ಟ. ಸ್ಪೀಕರ್ ಆವತ್ತೇ ಬಂದ್. ಬಾಗಿಲ ಮೇಲಿನ ಬರಹ ಉಳಿದಿದೆ. ಕನ್ನಡ ಕಲಿಯುತ್ತಿರುವ ಮಕ್ಕಳು ಕೂಡಿಸಿ ಕೂಡಿಸಿ ಓದುತ್ತಾರೆ, ಅಜ್ಜಿಯಂದಿರು ಕಥೆ ಶುರುಮಾಡುತ್ತಾರೆ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂತು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಬೆರ್ಚಪ್ಪ. ಅಂಗಳಕ್ಕೆಲ್ಲ ಹಣತೆ ಬೇಕೆಂದು ಅತ್ತೆಯವರ ಆಸೆ. ಹುಲ್ಲು, ಗೋಣಿ, ಮಕ್ಕಳ ಜೋಲು ಬಟ್ಟೆ ಇರುವಲ್ಲಿ ಬೆಂಕಿ ಬೇಡ ಎಂದೆ. ಹಿತ್ತಲಿನಲ್ಲಿ ಎಣ್ಣೆ ದೀಪ, ಮುಂದೆ ಬ್ಯಾಟರಿ ದೀಪ ಎಂದು ಒಪ್ಪಂದವಾಯಿತು.

ಖರ್ಚು ಹೇಳಿಬಿಡುತ್ತೇನೆ. ಮೊದಲ ಮೂರು ವರ್ಷಕ್ಕೆ ಹೆಚ್ಚುಕಡಿಮೆ 600 ಡಾಲರ್ ಹೋಯಿತು. ಈಗ ವರ್ಷಕ್ಕೆ ಹುಲ್ಲು, ಬ್ಯಾಟರಿ ಸೇರಿ ಐವತ್ತು, ಕ್ಯಾಂಡಿ ಮತ್ತು ಕೈಬಳೆಗೆ ನೂರಿಪ್ಪತ್ತು. ಎದುರು ಮನೆಯಲ್ಲಿ ಹೋಂ ಡಿಪೋ ಎಂಬ ದೊಡ್ಡ ಅಂಗಡಿಯಿಂದ ತಂದ 12 ಅಡಿ ಅಸ್ಥಿಪಂಜರದ ಗೊಂಬೆ ನಿಂತಿದೆ. 2020ರಲ್ಲಿ ಅದು ಬಂದಾಗಲೇ ಬೆಲೆ 299 ಡಾಲರ್. ನೋಡಲು ಭಾರಿ ಸೊಗಸು. ಆದರೆ ಮಕ್ಕಳು ಅದರ ಕೆಳಗೆ ಫೋಟೊ ತೆಗೆಸಿಕೊಂಡು ಕಿರುಚಲು ನಮ್ಮನೆಗೇ ಬರುತ್ತಾರೆ.

ಗೆಳೆಯ ಈಗ ತಾನೂ ಒಂದು ಗಂಟೆ ಆ ಕುರ್ಚಿಯಲ್ಲಿ ಕೂರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಒಪ್ಪಿದ್ದೇನೆ. ಮೊದಲು ನಮ್ಮ ಹಿತ್ತಲಿನಲ್ಲಿ ಗೋಣಿ ಹಾಕಿಕೊಂಡು ನಲವತ್ತು ನಿಮಿಷ ಅಲುಗಾಡದೆ ಕೂತು ತೋರಿಸಲಿ. ಹೋದ ಶನಿವಾರ ಹನ್ನೊಂದು ನಿಮಿಷ ಕೂತ.